ಪ್ರಚಾರ ಕ್ಯಾಸೆಟ್ ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಚಾರ ಕ್ಯಾಸೆಟ್ ಅಂದರೆ ಯಾವುದು?

ಮಾರುವುದಕ್ಕಲ್ಲದೆ, ಹಾಡು ನಾಲ್ಕು ಜನರ ಕಿವಿಗೆ ಬೀಳಲಿ ಎಂದು ಪುಕ್ಕಟೆ ಹಂಚಿದ ಕ್ಯಾಸೆಟ್. ರೇಡಿಯೋದವರಿಗೆ, ಪತ್ರಿಕೆಯವರಿಗೆ, ಅಂಗಡಿಯವರಿಗೆ ಕೊಟ್ಟದ್ದು. ಸಂಗ್ರಹ ಮಾಡುವವರು ಇದರಲ್ಲೇ ಹಲವು ಜಾತಿ ಗುರುತಿಸುತ್ತಾರೆ.

ಹೆಚ್ಚು ಬೇಡಿಕೆ ಇರುವುದು ‘ಅಡ್ವಾನ್ಸ್’ ಪ್ರತಿಗೆ. ಅಮೆರಿಕ, ಬ್ರಿಟನ್‌ನ ಕಂಪನಿಗಳು 1980, 90ರ ದಶಕಗಳಲ್ಲಿ ಆಲ್ಬಂ ಅಂಗಡಿಗೆ ಬರುವ ಕೆಲವು ವಾರ ಮೊದಲೇ ವಿಮರ್ಶಕರಿಗೆ ಇದನ್ನು ಕಳಿಸುತ್ತಿದ್ದವು. ಮುಖಚಿತ್ರ ಅಷ್ಟು ಹೊತ್ತಿಗೆ ತಯಾರಾಗಿರುತ್ತಿರಲಿಲ್ಲ. ಹಾಗಾಗಿ ಬಿಳಿ ಕಾರ್ಡಿನ ಮೇಲೆ ಟೈಪ್ ಮಾಡಿದ ಹಾಡಿನ ಪಟ್ಟಿ, ಬಿಡುಗಡೆಯ ತಾರೀಕು, ಪ್ರಚಾರ ವಿಭಾಗದ ಫೋನ್ ನಂಬರ್, ಅಷ್ಟೇ ಇರುತ್ತದೆ. ಹಾಡುಗಳ ಕ್ರಮ, ಒಮ್ಮೊಮ್ಮೆ ಮಿಕ್ಸ್ ಕೂಡ, ಕೊನೆಗೆ ಬಂದ ಆಲ್ಬಂಗಿಂತ ಬೇರೆ ಇರುವುದುಂಟು. ಬೆಲೆ ಏರುವುದು ಅಂಥವಕ್ಕೇ. ಇದರ ನಂತರ ಸ್ಯಾಂಪ್ಲರ್‌ಗಳು: ನಾಲ್ಕಾರು ಹಾಡು, ಹಲವು ಸಲ ಎರಡೂ ಬದಿಗೆ ಅದೇ ಹಾಡುಗಳು. ಮಾರಾಟದ ಪ್ರತಿಗೇ ‘ಪ್ರಚಾರಕ್ಕೆ ಮಾತ್ರ’ ಎಂದು ಠಸ್ಸೆ ಒತ್ತಿದ್ದು ಕೊನೆಯ ಸಾಲಿನದು. ಅದನ್ನು ಅಪರೂಪ ಅನ್ನುವುದು ಮಾರುವವರ ಉತ್ಸಾಹ.

ಗಿಮಿಕ್‌ಗಳೂ ಇವೆ. 1997ರಲ್ಲಿ ಬ್ರಿಟನ್ನಿನ ರಾಕ್ ತಂಡ ರೇಡಿಯೋಹೆಡ್‌ನ ಆಲ್ಬಂ ‘ಓಕೆ ಕಂಪ್ಯೂಟರ್’ ಬಂದಾಗ ಅಮೆರಿಕದ ಕ್ಯಾಪಿಟಲ್ ಕಂಪನಿ 1000 ಪುಟ್ಟ ಕ್ಯಾಸೆಟ್ ಪ್ಲೇಯರ್‌ಗಳ ಒಳಗೆ ಆಲ್ಬಂ ಇಟ್ಟು, ತೆಗೆಯಲಾಗದಂತೆ ಅಂಟು ಹಾಕಿ ಹಂಚಿತು. ಮುಚ್ಚಳ ಎಬ್ಬಿಸಿ ಕ್ಯಾಸೆಟ್ ಹೊರತೆಗೆದದ್ದು ಸಿಕ್ಕರೆ ಅರ್ಧ ವಸ್ತು ಸಿಕ್ಕಂತೆ.

ಬ್ರಿಟನ್ನಿನ ಸಂಗೀತ ವಾರಪತ್ರಿಕೆ ಎನ್‌ಎಂಇ ಓದುಗರಿಗೆ ಅಂಚೆಯಲ್ಲಿ ಕಳಿಸಿದ ಸಿ81 (1981), 22 ತಂಡಗಳಿದ್ದ ಸಿ86 (1986) ಎರಡೂ ಗಡಿಯ ಮೇಲಿನವು. ಅವಕ್ಕೆ ದುಡ್ಡು ತೆಗೆದುಕೊಂಡಿದ್ದರು. ಆದರೂ ಎಲ್ಲರೂ ಪ್ರಚಾರದ ಸಾಲಿಗೇ ಸೇರಿಸುತ್ತಾರೆ, ಇರಲಿ.

ನಮ್ಮ ಕಡೆ ಇಂಥವು ಇದ್ದವೇ?

ಇದ್ದವು, ಆದರೆ ಬಿಳಿ ಕಾರ್ಡಿನ ಅಡ್ವಾನ್ಸ್ ಹುಡುಕಬೇಡಿ. ನಮ್ಮಲ್ಲಿ ಸಿನಿಮಾದವರು ‘ಧ್ವನಿಸುರುಳಿ ಬಿಡುಗಡೆ’ ಸಮಾರಂಭ ಮಾಡಿ, ಬಂದವರ ಕೈಗೆ ಮಾರಾಟದ ಕ್ಯಾಸೆಟ್ಟನ್ನೇ ಕೊಟ್ಟು ಕಳಿಸುತ್ತಿದ್ದರು. ಬೆಲೆಯ ಮೇಲೆ ಒತ್ತಿದ ‘ಮಾರಾಟಕ್ಕಲ್ಲ’ ಠಸ್ಸೆಯೋ ಜೊತೆಗಿದ್ದ ಆಹ್ವಾನ ಪತ್ರಿಕೆಯೋ ಇದ್ದರೆ ಮಾತ್ರ ಅದು ಪ್ರಚಾರ ಪ್ರತಿ ಎಂದು ಗೊತ್ತಾಗುತ್ತದೆ. ಆಹ್ವಾನ ಪತ್ರಿಕೆಯನ್ನು ಬಿಸಾಡಿ ಕ್ಯಾಸೆಟ್ ಮಾತ್ರ ಇಟ್ಟುಕೊಂಡರೆ ಉಳಿಯುವುದು ಎಲ್ಲ ಅಂಗಡಿಯಲ್ಲೂ ಸಿಗುತ್ತಿದ್ದ ಮಾಲು.

ನಿಜವಾಗಿ ಸಿಗದಿರುವುದು ಇನ್ನೊಂದು ಬಗೆ. ಚುನಾವಣೆಗೆಂದು ಸಿನಿಮಾ ಧಾಟಿಗೆ ಬರೆಸಿ ಆಟೋದ ಮೈಕಿನಲ್ಲಿ ಹಾಕುತ್ತಿದ್ದ ಹಾಡುಗಳು, ಬೀಜ ಗೊಬ್ಬರದ ಜಾಹೀರಾತಿನ ಜನಪದ ಧಾಟಿಯ ಹಾಡುಗಳು. ಖಾಲಿ ಕ್ಯಾಸೆಟ್‌ಗೆ ತುಂಬಿಸಿ, ಪೆನ್ನಿನಲ್ಲಿ ಹೆಸರು ಬರೆದು ಕೊಟ್ಟವು. ಕೆಲಸ ಮುಗಿದ ಮೇಲೆ ಅದರ ಮೇಲೇ ಇನ್ನೇನೋ ರೆಕಾರ್ಡ್ ಮಾಡಿರುತ್ತಾರೆ. ಹಾಗೆ ಅಳಿಸದೆ ಉಳಿದದ್ದು ಸಿಕ್ಕರೆ, ನಮ್ಮ ಅಭಿಪ್ರಾಯದಲ್ಲಿ, ಹೊರದೇಶದ ಹತ್ತು ಸ್ಯಾಂಪ್ಲರ್‌ಗಿಂತ ಅದು ಮೇಲು.

ಡಬ್ಬಿಯಲ್ಲಿ ತೂತಿದೆ, ಬೆನ್ನಿಗೆ ಗರಗಸದ ಕಚ್ಚಿದೆ. ಪ್ರಚಾರ ಪ್ರತಿಯೇ?

ಬಹುತೇಕ ಅಲ್ಲ. ಅಮೆರಿಕದಲ್ಲಿ ಮಾರಾಟವಾಗದೆ ಉಳಿದ ಮಾಲನ್ನು ಕಡಿಮೆ ಬೆಲೆಗೆ ಸಾಗಹಾಕುವಾಗ, ಪೂರ್ತಿ ಬೆಲೆಗೆ ವಾಪಸ್ ಬರಬಾರದೆಂದು ಹಾಕುತ್ತಿದ್ದ ಗುರುತು ಅದು. ಅವರ ಮಾತಿನಲ್ಲಿ ‘ಕಟ್-ಔಟ್’. ಡಬ್ಬಿಯನ್ನೂ ಕಾರ್ಡನ್ನೂ ಒಟ್ಟಿಗೆ ಕೊಯ್ದ ಕಚ್ಚು, ಮೂಲೆಗೆ ಡ್ರಿಲ್ ಹಾಕಿದ ತೂತು ಎರಡೂ ಇದೇ. ಬಾರ್‌ಕೋಡಿನ ಮೇಲಷ್ಟೇ ಪಂಚ್ ಮಾಡಿದ್ದರೆ ಪ್ರಚಾರ ಪ್ರತಿ ಇರಬಹುದು. ಜೊತೆಗೆ ಠಸ್ಸೆಯೋ ಮುದ್ರೆಯೋ ಇಲ್ಲದಿದ್ದರೆ ಆ ತೂತಿಗೆ ಹೆಚ್ಚು ದುಡ್ಡು ಕೊಡಬೇಡಿ.

ನಕಲಿ ಹೇಗೆ ಗುರುತಿಸುವುದು?

ಕಷ್ಟ ಇರುವುದೇ ಇಲ್ಲಿ. ಅಸಲಿ ಅಡ್ವಾನ್ಸ್ ಕಾರ್ಡೇ ಒಂದು ಜೆರಾಕ್ಸ್ ಕಾಗದ. ಅದನ್ನು ಮತ್ತೆ ಜೆರಾಕ್ಸ್ ಮಾಡುವುದು ಯಾರಿಗೂ ಬರುತ್ತದೆ. ಕಾರ್ಡು, ಶೆಲ್ (ರೀಲು ಕೂತಿರುವ ಪ್ಲಾಸ್ಟಿಕ್ ಕವಚ), ರೀಲು ಮೂರೂ ಒಂದೇ ಕತೆ ಹೇಳುತ್ತವೆಯೇ ಎಂದು ನೋಡಬೇಕು.

10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ಕಾರ್ಡು ನೋಡಿ. ಅಚ್ಚುಕೂಟದ ಆಫ್‌ಸೆಟ್‌ನಲ್ಲಿ ಬಣ್ಣದ ಚುಕ್ಕಿಗಳು ಹೂವಿನ ವಿನ್ಯಾಸದಲ್ಲಿ ಸಾಲಾಗಿ ಕೂತಿರುತ್ತವೆ. ಇಂಕ್‌ಜೆಟ್ ಆದರೆ ಚುಕ್ಕಿಗಳು ಎರಚಿದಂತೆ ಚೆದುರಿರುತ್ತವೆ, ಅಕ್ಷರದ ಅಂಚು ಕಾಗದದ ನಾರಿನೊಳಗೆ ಹರಡಿರುತ್ತದೆ. ಜೆರಾಕ್ಸ್ ಟೋನರ್ ಕಾಗದದ ಮೇಲೆ ಕೂತು ಮಿನುಗುತ್ತದೆ, ಮಡಿಕೆ ಬಿದ್ದಲ್ಲಿ ಚಕ್ಕೆ ಎದ್ದಿರುತ್ತದೆ. 1988ರ ಅಡ್ವಾನ್ಸ್ ಎಂದು ಹೇಳುವ ಕಾರ್ಡಿನಲ್ಲಿ ಇಂಕ್‌ಜೆಟ್ ಬಣ್ಣ ಕಂಡರೆ ಮಾತು ಮುಗಿಯಿತು.

ನೇರಳಾತೀತ (ಯುವಿ) ಕಿರಣದ ನೀಲಿ ದೀಪದಲ್ಲಿ ಹೊಳೆದರೆ ಹೊಸ ಕಾಗದ, ಹಾಗಾಗಿ ನಕಲಿ ಎಂಬ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ಅದು ತಪ್ಪು. ಹೊಳಪು ಕೊಡುವ ರಾಸಾಯನಿಕ ಕ್ಯಾಸೆಟ್ ಹುಟ್ಟುವ ಮೊದಲಿನಿಂದಲೂ ಕಾಗದದಲ್ಲಿದೆ. ಆ ದೀಪ ಉಪಯೋಗಕ್ಕೆ ಬರುವುದು ಹೋಲಿಕೆಗೆ ಮಾತ್ರ: ಶೆಲ್ಲಿನ ಎರಡು ಬದಿಯ ಲೇಬಲ್‌ಗಳಲ್ಲಿ ಒಂದು ಹೊಳೆದು ಇನ್ನೊಂದು ಮಂಕಾಗಿದ್ದರೆ ಯಾರೋ ಕೈ ಆಡಿಸಿದ್ದಾರೆ.

ಆಮೇಲೆ ಶೆಲ್. ಕಾರ್ಖಾನೆಯಲ್ಲಿ ನಕಲು ಮಾಡಿದ ಕ್ಯಾಸೆಟ್‌ಗೆ ಮೇಲಂಚಿನಲ್ಲಿ ಮುರಿದರೆ ಮತ್ತೆ ರೆಕಾರ್ಡ್ ಆಗದಂತೆ ಮಾಡುವ ಎರಡು ಪುಟ್ಟ ಎಸಳು ಮೊದಲಿಂದಲೇ ಇರುವುದಿಲ್ಲ, ಆ ಜಾಗ ನುಣ್ಣಗಿರುತ್ತದೆ. ಎಸಳು ಮುರಿದ ಗುರುತಿದ್ದರೆ ಅದು ಅಂಗಡಿಯ ಖಾಲಿ ಕ್ಯಾಸೆಟ್. ಹಾಗೆಂದು ನಕಲಿ ಎನ್ನಲಾಗದು, ಏಕೆಂದರೆ ಹತ್ತಿಪ್ಪತ್ತು ಪ್ರತಿ ಸಾಕಾದಾಗ ಸ್ಟುಡಿಯೋದವರೂ ಟಿಡಿಕೆ, ಮ್ಯಾಕ್ಸೆಲ್ ಕಂಪನಿಗಳ ಖಾಲಿ ಕ್ಯಾಸೆಟ್‌ಗೇ ತುಂಬಿಸಿದ್ದಾರೆ. ಆದರೆ ರೀಲಿನ ಉದ್ದ ನೋಡಿ. ಕಾರ್ಖಾನೆಯಲ್ಲಿ ರೀಲನ್ನು ಹಾಡಿನ ಅಳತೆಗೆ ಕತ್ತರಿಸಿ ತುಂಬುತ್ತಾರೆ. 38 ನಿಮಿಷದ ಆಲ್ಬಂ ಇರುವ ‘ಕಾರ್ಖಾನೆ ಪ್ರತಿ’ಯಲ್ಲಿ ಹಾಡು ಮುಗಿದ ಮೇಲೂ ಬದಿಗೆ 25 ನಿಮಿಷ ಖಾಲಿ ಓಡಿದರೆ ಅದು 90 ನಿಮಿಷದ ಖಾಲಿ ಕ್ಯಾಸೆಟ್.

ಇನ್ನೊಂದು ಗುರುತನ್ನು ಜನ ದೋಷ ಎಂದುಕೊಳ್ಳುತ್ತಾರೆ. ಇಎಂಐ, ಕ್ಯಾಪಿಟಲ್‌ನವರ ಎಕ್ಸ್‌ಡಿಆರ್ (ಒಳ್ಳೆ ಗುಣಮಟ್ಟದ ನಕಲು ವಿಧಾನ) ಗುರುತಿನ ಕ್ಯಾಸೆಟ್‌ಗಳಲ್ಲಿ ಶುರುವಿಗೂ ಕೊನೆಗೂ ಚುಟುಕು ಶಿಳ್ಳೆಯಂಥ ಸ್ವರಗುಚ್ಛ ಕೇಳುತ್ತದೆ. ನಕಲು ಸರಿಯಾಗಿದೆಯೇ ಎಂದು ತಾಳೆ ನೋಡಲು ಕಂಪನಿಯೇ ಹಾಕಿದ್ದು.

ಅಧಿಕೃತ ಮರುಮುದ್ರಣ ಬಂದಿದೆಯೇ ಎಂಬುದನ್ನೂ ನೋಡಿ. ಅಮೆರಿಕದ ರಾಕ್ ತಂಡ ಮೆಟಾಲಿಕಾದ 1982ರ ಡೆಮೊ (ಮಾದರಿ) ಕ್ಯಾಸೆಟ್ 2015ರಲ್ಲಿ ಹಳೆಯ ರೂಪದಲ್ಲೇ ಮತ್ತೆ ಬಂತು. ಅದನ್ನು ಮೂಲ ಪ್ರತಿ ಎಂದು ತೋರಿಸುವವರು ಸಿಗುತ್ತಾರೆ.

ಭಾರತದ ಕ್ಯಾಸೆಟ್ ಯಾವ ವರ್ಷದ್ದು ಎಂದು ಹೇಗೆ ತಿಳಿಯುವುದು?

1984ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿಸಿದ 52ಎ ಕಲಮಿನ ಪ್ರಕಾರ ತಯಾರಕರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ ಇಷ್ಟನ್ನೂ ಕ್ಯಾಸೆಟ್ ಮೇಲೂ ಡಬ್ಬಿಯ ಮೇಲೂ ಹಾಕಬೇಕು. ಇದರಲ್ಲೊಂದು ಬಲೆ ಇದೆ: ಆ ವರ್ಷ ಹಾಡು ಮೊದಲು ಹೊರಬಂದದ್ದು, ನಿಮ್ಮ ಕೈಯಲ್ಲಿರುವ ಪ್ರತಿ ತಯಾರಾದದ್ದಲ್ಲ.

ಪ್ರತಿಯ ವಯಸ್ಸಿಗೆ ವಿಳಾಸ ನೋಡಿ. ಇಂಗ್ಲಿಷ್ ವಿಳಾಸದಲ್ಲಿ ಬಾಂಬೆ ಎಂದಿದ್ದರೆ ಸಾಮಾನ್ಯವಾಗಿ 1995ಕ್ಕೆ ಮೊದಲು, ಮದ್ರಾಸ್ ಎಂದಿದ್ದರೆ 1996ಕ್ಕೆ ಮೊದಲು, ಕ್ಯಾಲ್ಕಟಾ ಎಂದಿದ್ದರೆ 2001ಕ್ಕೆ ಮೊದಲು. ಎಚ್‌ಎಂವಿ ಕ್ಯಾಸೆಟ್ಟಿನಲ್ಲಿ ಗ್ರಾಮಾಫೋನ್ ಕಂಪನಿ ಆಫ್ ಇಂಡಿಯಾ ಎಂದಿದ್ದರೆ ಹಳೆಯದು. ಆ ಕಂಪನಿಗೆ ಸರಿಗಮ ಎಂಬ ಹೆಸರು ಬಂದದ್ದು 2000ದಲ್ಲಿ. ಟೀ-ಸೀರೀಸ್ ಶುರುವಾದದ್ದೇ 1983ರಲ್ಲಿ, ಹಾಗಾಗಿ ‘1979ರ ಟೀ-ಸೀರೀಸ್’ ಎಂದು ಯಾರಾದರೂ ತೋರಿಸಿದರೆ ನಕ್ಕು ಮುಂದೆ ಹೋಗಿ. ಅಚ್ಚಾದ ಕಾರ್ಡುಗಳ ದಾಸ್ತಾನು ಮುಗಿಯುವವರೆಗೂ ಹಳೆ ವಿಳಾಸವೇ ನಡೆಯುತ್ತಿತ್ತು. ಒಂದೆರಡು ವರ್ಷ ಆಚೀಚೆ ಇಟ್ಟುಕೊಳ್ಳಿ.

ಕೈಗೆ ಸಿಕ್ಕ ತಕ್ಷಣ ಹಾಕಿ ಕೇಳಬಹುದೇ?

ಬೇಡ. ಮೂವತ್ತು ವರ್ಷ ಸುಮ್ಮನೆ ಕೂತ ಕ್ಯಾಸೆಟ್ ಹಾಳಾಗುವುದು ಹೆಚ್ಚಾಗಿ ಮೊದಲ ಎರಡು ನಿಮಿಷದಲ್ಲಿ.

ಮೊದಲು ಕಿಟಕಿಯ ಮೂಲಕ ಟಾರ್ಚ್ ಬಿಟ್ಟು ರೀಲಿನ ಸುರುಳಿ ನೋಡಿ. ನುಣ್ಣಗೆ ಕಂದು ಅಥವಾ ಕಪ್ಪು ಬಣ್ಣದಲ್ಲಿದ್ದರೆ ಸರಿ. ಬಿಳಿ ಪುಡಿ, ಜೇಡರ ಬಲೆಯಂಥ ಎಳೆ ಕಂಡರೆ ನಿಲ್ಲಿಸಿ, ಕೆಳಗೆ ಬೂಷ್ಟಿನ ಪ್ರಶ್ನೆಗೆ ಹೋಗಿ. ಆಮೇಲೆ ಮುಂಭಾಗದ ನಡುವಿನ ಕಿಂಡಿಯಲ್ಲಿ ಪ್ರೆಷರ್ ಪ್ಯಾಡ್ ಇದೆಯೇ ನೋಡಿ: ತೆಳು ತಾಮ್ರಬಣ್ಣದ ಪಟ್ಟಿಯ ಮೇಲೆ ಅಂಟಿಸಿದ ಪುಟ್ಟ ಉಣ್ಣೆ ತುಂಡು. ಷಟ್ಕೋನದ ಪೆನ್ಸಿಲ್ಲನ್ನು ಚಕ್ರಕ್ಕೆ ತೂರಿಸಿ ನಿಧಾನ ಹತ್ತು ಸುತ್ತು ತಿರುಗಿಸಿ. ಹಗುರವಾಗಿ ತಿರುಗಬೇಕು. ಜಗ್ಗಿ ಜಗ್ಗಿ ಬಂದರೆ ಸುರುಳಿ ಒಂದು ಬದಿಗೆ ಉಬ್ಬಿದೆ ಅಥವಾ ಪದರಗಳು ಅಂಟಿವೆ. ಡೆಕ್ಕಿನ (ಕ್ಯಾಸೆಟ್ ಪ್ಲೇಯರಿನ) ಮೋಟಾರಿಗೆ ಬಿಟ್ಟರೆ ಲೀಡರ್, ಅಂದರೆ ರೀಲನ್ನು ಚಕ್ರಕ್ಕೆ ಸೇರಿಸುವ ತುದಿಯ ಪಟ್ಟಿ, ಕಿತ್ತು ಬರುತ್ತದೆ. ಹಗುರವಾಗಿದ್ದರೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ಪ್ಲೇ ಒತ್ತಿ.

ಡೆಕ್ಕಿನ ಕಡೆಯೂ ಗಮನ ಇರಲಿ. ಹೆಡ್ (ರೀಲಿನಿಂದ ಸದ್ದು ಓದುವ ಭಾಗ) ಮತ್ತು ರೀಲನ್ನು ಓಡಿಸುವ ಕ್ಯಾಪ್‌ಸ್ಟನ್ ಕಂಬಿಯನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಲ್ಲಿ ಒರೆಸಿ. ರೀಲನ್ನು ಆ ಕಂಬಿಗೆ ಒತ್ತುವ ರಬ್ಬರಿನ ಪಿಂಚ್ ರೋಲರ್‌ಗೆ ಆಲ್ಕೋಹಾಲ್ ಸುರಿಯಬೇಡಿ, ಕಾಲಕ್ರಮೇಣ ಗಡುಸಾಗುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರು ಒಂದೆರಡು ಹನಿ ಸಾಕು. ರೀಲು ‘ತಿನ್ನುವುದು’ ಹೆಚ್ಚಾಗಿ ಈ ರೋಲರ್ ಅಂಟಾಗಿದ್ದರೆ ಅಥವಾ ರೀಲು ಎಳೆದುಕೊಳ್ಳುವ ಬದಿಯ ಬೆಲ್ಟ್ ಸಡಿಲವಾಗಿದ್ದರೆ. ಅಪರೂಪದ್ದನ್ನು ಹಾಕುವ ಮೊದಲು ಹತ್ತು ರೂಪಾಯಿಯ ಕ್ಯಾಸೆಟ್ಟೊಂದನ್ನು ಪೂರ್ತಿ ಓಡಿಸಿ ನೋಡಿ.

ಪ್ಯಾಡ್ ಬಿದ್ದುಹೋಗಿದೆ, ಸದ್ದು ಮಂಕಾಗಿದೆ.

ಪ್ಯಾಡ್ ಇಲ್ಲದಿದ್ದರೆ ರೀಲು ಹೆಡ್‌ಗೆ ಒತ್ತುವುದಿಲ್ಲ, ತಾರ ಸ್ವರ ಮೊದಲು ಹೋಗುತ್ತದೆ. ಗುಜರಿ ಕ್ಯಾಸೆಟ್ಟಿನಿಂದ ಪಟ್ಟಿ ಸಮೇತ ಪ್ಯಾಡ್ ತೆಗೆಯಿರಿ. ಪಟ್ಟಿಯ ಬದಲು ಸ್ಪಂಜಿನ ತುಂಡು ಹಾಕಿದ ಅಗ್ಗದ ಶೆಲ್ಲಿನದು ಬೇಡ. ಸ್ಪಂಜು ಹಳತಾದರೆ ಪುಡಿಯಾಗಿ ರೀಲಿಗೆ ಮೆತ್ತುತ್ತದೆ. ಪಟ್ಟಿ ಸರಿಯಿದ್ದು ಉಣ್ಣೆ ಮಾತ್ರ ಉದುರಿದ್ದರೆ ತೆಳುವಾದ ಎರಡು ಬದಿ ಅಂಟಿನ ಟೇಪ್ ಚೂರು, ಮೊನಚು ಚಿಮುಟ ಸಾಕು, ಶೆಲ್ ಬಿಚ್ಚದೆಯೇ ಕಿಂಡಿಯಿಂದ ಕೂರಿಸಬಹುದು. ಸೂಪರ್ ಗ್ಲೂ ಬೇಡ, ಉಣ್ಣೆ ಅದನ್ನು ಹೀರಿ ಕಲ್ಲಾಗುತ್ತದೆ.

ಲೀಡರ್ ಕಿತ್ತು ಒಳಗೆ ಹೋಗಿದೆ. ಶೆಲ್‌ಗೆ ತಿರುಪೂ ಇಲ್ಲ.

ಐದು ತಿರುಪಿನ ಶೆಲ್ ಸುಲಭ: ಅಡ್ಡ ಮಲಗಿಸಿ, ತಿರುಪು ತೆಗೆದು, ಮೇಲಿನ ಅರ್ಧವನ್ನು ನೇರ ಮೇಲಕ್ಕೆತ್ತಿ. ಎರಡು ರೋಲರ್, ಎರಡು ತೆಳು ಹಾಳೆ ಎಲ್ಲಿದ್ದವೆಂದು, ಅವನ್ನು ಅಲ್ಲಾಡಿಸುವ ಮೊದಲೇ ಫೋಟೋ ತೆಗೆಯಲು ಮೊಬೈಲ್ ಪಕ್ಕದಲ್ಲಿರಲಿ.

ಬೆಸುಗೆ ಹಾಕಿದ ಶೆಲ್ ಆದರೆ ಒಡೆಯುವುದು ಕೊನೆಯ ದಾರಿ. ತೆಳು ಪ್ಲಾಸ್ಟಿಕ್ ಪಟ್ಟಿಯ ತುದಿಗೆ ಎರಡು ಬದಿ ಅಂಟಿನ ಟೇಪ್ ಹಚ್ಚಿ, ಕಿಂಡಿಯಿಂದ ತೂರಿಸಿ, ಪೆನ್ಸಿಲ್ಲಿನಿಂದ ಚಕ್ರ ತಿರುಗಿಸುತ್ತಾ ರೀಲಿನ ತುದಿ ಹಿಡಿಯಲು ನೋಡಿ. ಹತ್ತು ಹದಿನೈದು ಪ್ರಯತ್ನ ಬೇಕಾಗುತ್ತದೆ. ಆಗದಿದ್ದರೆ ಮೂಲೆಯ ಬೆಸುಗೆ ಗೆರೆಗೆ ಬ್ಲೇಡ್ ಇಟ್ಟು ಮೆಲ್ಲಗೆ ಬಿಡಿಸಿ, ಸುರುಳಿಯನ್ನು ತಿರುಪಿನ ಶೆಲ್‌ಗೆ ವರ್ಗಾಯಿಸಿ. ಹಳೆಯ ಶೆಲ್ ಬಿಸಾಡಬೇಡಿ. ಇದು ಪ್ರಚಾರ ಪ್ರತಿ ಎಂದು ಹೇಳುವ ಅಚ್ಚು, ಲೇಬಲ್ ಅದರ ಮೇಲೆಯೇ ಇದೆ. ಆ ಶೆಲ್ ಇಲ್ಲದೆ ಉಳಿದ ರೀಲನ್ನು ಯಾರೂ ನಂಬುವುದಿಲ್ಲ.

ಜೋಡಣೆಗೆ ಕ್ಯಾಸೆಟ್‌ಗೆಂದೇ ಬರುವ 3.81 ಮಿಮೀ ಅಗಲದ ಸ್ಪ್ಲೈಸಿಂಗ್ ಟೇಪ್ ಬೇಕು, ಸುಮಾರು 12 ಮಿಮೀ ಉದ್ದ. ಎರಡು ತುದಿ ತಾಗುವಂತೆ ಇಟ್ಟು, ಒಂದರ ಮೇಲೊಂದು ಹತ್ತದಂತೆ, ರೀಲಿನ ಬೆನ್ನಿಗೆ ಅಂಟಿಸಿ. ಕ್ಯಾಸೆಟ್‌ನಲ್ಲಿ ಹಾಡಿರುವ ಮೈ ಹೊರಕ್ಕೆ, ಹೆಡ್ ಕಡೆಗಿರುತ್ತದೆ; ಬೆನ್ನು ಒಳಕ್ಕೆ. ಮಾಮೂಲಿ ಸೆಲ್ಲೋ ಟೇಪಿನ ಅಂಟು ಸೆಕೆಗೆ ಒಸರಿ ಪಕ್ಕದ ಪದರಕ್ಕೆ ಹಿಡಿಯುತ್ತದೆ. ಸುಕ್ಕಾದ ಭಾಗವನ್ನು ಕತ್ತರಿಸುವ ಮೊದಲು ಲೆಕ್ಕ ಹಾಕಿ: ರೀಲು ಸೆಕೆಂಡಿಗೆ 4.76 ಸೆಂಮೀ ಓಡುತ್ತದೆ, 1 ಸೆಂಮೀ ಹೋದರೆ 0.2 ಸೆಕೆಂಡ್ ಹಾಡು ಹೋಯಿತು, ಅದೂ ಎರಡೂ ಬದಿಯಲ್ಲಿ.

ಎರಡೂ ಬದಿಗೆ ಒಂದೇ ಹಾಡಿರುವ ಸ್ಯಾಂಪ್ಲರ್ ಆದರೆ ಅದೃಷ್ಟ. ಒಂದು ಬದಿಯ ಶುರು ಇರುವ ಜಾಗದಲ್ಲಿ ಇನ್ನೊಂದು ಬದಿಯ ಕೊನೆ ಇರುತ್ತದೆ. ಹಾಗಾಗಿ ಮೊದಲ ಬದಿಯಲ್ಲಿ ಹಾಳಾದ ಸಾಲು ಎರಡನೆಯದರಲ್ಲಿ ರೀಲಿನ ಇನ್ನೊಂದು ತುದಿಯಲ್ಲಿ ಚೆನ್ನಾಗಿ ಉಳಿದಿರುತ್ತದೆ. ಡಿಜಿಟಲ್ ಮಾಡುವಾಗ ಅಲ್ಲಿಂದ ಎತ್ತಿ ತೇಪೆ ಹಾಕಬಹುದು.

ಬೂಷ್ಟು ಹಿಡಿದಿದೆ. ಉಳಿಸಬಹುದೇ?

ಹೆಚ್ಚಿನವನ್ನು ಉಳಿಸಬಹುದು, ಆದರೆ ಡೆಕ್ಕಿಗೆ ಹಾಕಬೇಡಿ. ಹೆಡ್, ರೋಲರ್‌ಗೆ ಮೆತ್ತಿಕೊಂಡು ಮುಂದಿನ ಪ್ರತಿ ಕ್ಯಾಸೆಟ್‌ಗೂ ಹಂಚಿಕೆಯಾಗುತ್ತದೆ. ಎನ್95 ಮಾಸ್ಕ್ ಹಾಕಿ, ಫ್ಯಾನ್ ಆರಿಸಿ. ಮೊದಲು ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿ ಒಂದು ವಾರ ಒಣಗಿಸಿ. ಹಸಿ ಬೂಷ್ಟು ಒರೆಸಿದರೆ ಬಳಿದಂತಾಗುತ್ತದೆ, ಒಣಗಿದ್ದು ಪುಡಿಯಾಗಿ ಉದುರುತ್ತದೆ. ಆಮೇಲೆ ಶೆಲ್ ಬಿಚ್ಚಿ, ಸುರುಳಿಯ ಅಂಚುಗಳನ್ನು ಮೆತ್ತನೆ ಬ್ರಷ್ಷಿನಲ್ಲಿ ಒರೆಸಿ, ರೀಲನ್ನು ಕೈಯಲ್ಲಿ ಸುತ್ತುತ್ತಾ ನಾರುಬಿಡದ ಒಣ ಬಟ್ಟೆಯ ನಡುವೆ ಹಾಯಿಸಿ. ಎರಡು ಮೂರು ಸಲ ಬೇಕಾಗುತ್ತದೆ, ಪ್ರತಿ ಸಲ ಬಟ್ಟೆ ಬದಲಿಸಿ. ಒಣಬಟ್ಟೆಗೆ ಬಗ್ಗದಿದ್ದರೆ ಮಾತ್ರ ಐಸೊಪ್ರೊಪೈಲ್ ತುಸು ಸೋಕಿಸಿ. ಬಟ್ಟೆಗೆ ಕಂದು ಬಣ್ಣ ಹತ್ತಿದರೆ ತಕ್ಷಣ ನಿಲ್ಲಿಸಿ, ಕಿತ್ತು ಬರುತ್ತಿರುವುದು ಹಾಡು.

ಒಲೆಯಲ್ಲಿ ಬಿಸಿ ಮಾಡುವ ಚಿಕಿತ್ಸೆ ಅಂಟುಬಿಡುವ ಕೆಲವು ಸ್ಟುಡಿಯೋ ಸ್ಪೂಲ್ ಟೇಪುಗಳಿಗೆ ಸಂಬಂಧಿಸಿದ್ದು. ಬೂಷ್ಟಿಗೂ ಅದಕ್ಕೂ ಸಂಬಂಧವಿಲ್ಲ.

ಎಲ್ಲಿ, ಹೇಗೆ ಇಡಬೇಕು?

ಡಬ್ಬಿಯಲ್ಲಿ, ಪುಸ್ತಕದಂತೆ ನಿಲ್ಲಿಸಿ, ರೀಲನ್ನು ಪೂರ್ತಿ ಒಂದು ಬದಿಗೆ ಸುತ್ತಿ. ವೇಗವಾಗಿ ಸುತ್ತಿದ್ದಕ್ಕಿಂತ ಪ್ಲೇ ಮಾಡಿ ಮುಗಿಸಿದ ಸುರುಳಿ ಸಮವಾಗಿ ಕೂರುತ್ತದೆ. ಬಿಸಿಲು ಬೀಳದ ಒಳಗೋಡೆಯ ಕಡೆ. ಸ್ಪೀಕರಿನಿಂದ ಅರ್ಧ ಮೀಟರ್ ದೂರ.

ತೇವಾಂಶ 30ರಿಂದ 40 ಶೇಕಡಾ ಇದ್ದರೆ ಸೊಗಸು. ಮಳೆಗಾಲದ ಮಂಗಳೂರು, ಮಡಿಕೇರಿಯಲ್ಲಿ ಅದು ಕನಸು, 50ರ ಕೆಳಗಿದ್ದರೂ ಸಾಕು. ರಬ್ಬರ್ ಅಂಚಿನ ಮುಚ್ಚಳದ 20 ಲೀಟರ್ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಕಾಲು ಕೆಜಿ ಸಿಲಿಕಾ ಜೆಲ್, ಪುಟ್ಟ ತೇವಮಾಪಕ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ನೀರು ಕುಡಿದಿದೆ ಎಂದರ್ಥ; 120 ಡಿಗ್ರಿಯ ಅವನ್‌ನಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಬಳಕೆಗೆ ಬರುತ್ತದೆ. ಕ್ಯಾಸೆಟ್ ಒಣಗಿದ ಮೇಲೆಯೇ ಪೆಟ್ಟಿಗೆ ಮುಚ್ಚಬೇಕು.

ನುಸಿಗುಳಿಗೆ ಮಾತ್ರ ಹಾಕಬೇಡಿ. ಬಟ್ಟೆ ಬೀರುವಿನ ಅಭ್ಯಾಸದಲ್ಲಿ ಎಲ್ಲರೂ ಹಾಕುತ್ತಾರೆ. ಅದರ ಆವಿ ಡಬ್ಬಿಯ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ, ಪಾರದರ್ಶಕ ಮುಚ್ಚಳ ಮಂಜಾಗಿ ಕಾರ್ಡಿಗೆ ಅಂಟುತ್ತದೆ.

ಡಿಜಿಟಲ್ ಮಾಡುವಾಗ ಯಾವುದು ಮುಖ್ಯ?

ಅಜಿಮತ್, ಅಂದರೆ ಹೆಡ್ ನಿಂತಿರುವ ಕೋನ. ಪ್ರತಿ ಕ್ಯಾಸೆಟ್ಟನ್ನು ರೆಕಾರ್ಡ್ ಮಾಡಿದ ಯಂತ್ರದ ಕೋನ ಬೇರೆ ಬೇರೆ. ಎಡ ಬಲ ಚಾನೆಲ್ ಸೇರಿಸಿ ಮೋನೋದಲ್ಲಿ ಕೇಳುತ್ತಾ, ಹೆಡ್ ಪಕ್ಕದ ಸ್ಪ್ರಿಂಗ್ ಇರುವ ತಿರುಪನ್ನು ಕಾಲು ಸುತ್ತಿಗಿಂತ ಕಡಿಮೆ ಅತ್ತಿತ್ತ ಆಡಿಸಿ. ತಾಳ, ಗೆಜ್ಜೆಯ ಸದ್ದು ಅತ್ಯಂತ ಸ್ಪಷ್ಟವಾದ ಜಾಗದಲ್ಲಿ ಬಿಡಿ. 24 ಬಿಟ್, 96 ಕಿಲೋಹರ್ಟ್ಸ್ ವೇವ್ ಫೈಲ್ ಆದರೆ 30 ನಿಮಿಷಕ್ಕೆ ಸುಮಾರು 1 ಜಿಬಿ. ಅತಿ ಜೋರಿನ ಜಾಗ ಮೈನಸ್ 6 ಡೆಸಿಬಲ್ ದಾಟದಿರಲಿ. ಸದ್ದು ಸ್ವಚ್ಛ ಮಾಡುವುದೇನಿದ್ದರೂ ಎರಡನೇ ಪ್ರತಿಯ ಮೇಲೆ.

ಹಿಸ್ ಸದ್ದು ತಗ್ಗಿಸುವ ಡಾಲ್ಬಿ ಗುಂಡಿ ಒತ್ತಬೇಕೇ?

ಕಾರ್ಡಿನಲ್ಲೋ ಶೆಲ್ಲಿನಲ್ಲೋ ಗುರುತಿದ್ದರೆ ಮಾತ್ರ. ಅಡ್ವಾನ್ಸ್‌ಗಳಲ್ಲಿ ಗುರುತು ಹಾಕಲು ಮರೆತಿರುತ್ತಾರೆ, ಎರಡೂ ರೀತಿ ಕೇಳಿ ನೋಡಿ.

‘ಮಾರಾಟಕ್ಕಲ್ಲ’ ಎಂದಿರುವುದನ್ನು ಮಾರುವುದು ಅಪರಾಧವೇ?

ಅಮೆರಿಕದ ಮಟ್ಟಿಗೆ ಉತ್ತರವಿದೆ. ಕೇಳದೆಯೇ ಅಂಚೆಯಲ್ಲಿ ಕಳಿಸಿದ ಪ್ರಚಾರದ ಸಿಡಿಗಳನ್ನು ಮಾರಿದವರೊಬ್ಬರ ಮೇಲೆ ಯೂನಿವರ್ಸಲ್ ಮ್ಯೂಸಿಕ್ ದಾವೆ ಹೂಡಿತ್ತು. 2011ರಲ್ಲಿ ಅಲ್ಲಿನ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಹಾಗೆ ಕಳಿಸಿದ ಮೇಲೆ ಅದು ಪಡೆದವರ ಸ್ವತ್ತು, ಲೇಬಲ್ಲಿನ ಬರಹದಿಂದ ಅದು ಬದಲಾಗದು ಎಂದಿತು. ಹಾಡನ್ನು ಅಂತರ್ಜಾಲಕ್ಕೆ ಏರಿಸುವುದು ಬೇರೆಯೇ ವಿಚಾರ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1985ರ ಕ್ಯಾಸೆಟ್ 2045ರ ಕೊನೆಯವರೆಗೆ ಕಂಪನಿಯದ್ದು.

ಎಲ್ಲಿ ಸಿಗುತ್ತವೆ, ಎಷ್ಟು ಕೊಡಬಹುದು?

ಬೆಂಗಳೂರಿನಲ್ಲಿ ಸಂಡೆ ಬಜಾರ್, ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಸಾಲು. ಬೆಲ್ಟು, ತಿರುಪು, ಡೆಕ್ಕಿನ ಬಿಡಿಭಾಗಕ್ಕೆ ಎಸ್‌ಪಿ ರಸ್ತೆ. ಗಾಂಧಿನಗರದ ಸಿನಿಮಾ ಕಚೇರಿಗಳು ಖಾಲಿಯಾಗುವಾಗ ಮಾಲು ನೇರ ಗುಜರಿಗೆ ಹೋಗುತ್ತದೆ, ಅಲ್ಲಿನ ಗುಜರಿಯವರ ಪರಿಚಯ ಇಟ್ಟುಕೊಳ್ಳಿ. ಮುಂಬಯಿಯಲ್ಲಿ ಚೋರ್ ಬಜಾರ್.

ಹೊರದೇಶದವಕ್ಕೆ ಡಿಸ್ಕಾಗ್ಸ್, ಇಬೇ ಜಾಲತಾಣಗಳು. ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ಡಿಸ್ಕಾಗ್ಸ್ ಕನಿಷ್ಠ, ಮಧ್ಯಮ, ಗರಿಷ್ಠ ಮೂರನ್ನೂ ತೋರಿಸುತ್ತದೆ. ಅಂಚೆ ವೆಚ್ಚದ ಮೇಲೆ ಸುಂಕವನ್ನೂ ಸೇರಿಸಿಕೊಳ್ಳಿ. ₹5,000ವರೆಗಿನ ‘ಉಡುಗೊರೆ’ಗಿದ್ದ ವಿನಾಯಿತಿ 2019ರ ಡಿಸೆಂಬರಿನಲ್ಲೇ ಹೋಯಿತು, ಕಳಿಸುವವರು ಗಿಫ್ಟ್ ಎಂದು ಬರೆದರೆ ಪಾರ್ಸಲ್ ಸಿಕ್ಕಿಹಾಕಿಕೊಳ್ಳುತ್ತದೆ.

ಕಳಿಸುವವರಿಗೆ ಏನು ಹೇಳಬೇಕು?

ಮೊದಲು ಐದು ಫೋಟೋ ಕೇಳಿ: ಕಾರ್ಡು ಬಿಚ್ಚಿ ಎರಡೂ ಮೈ, ಶೆಲ್ಲಿನ ಎರಡು ಬದಿ, ಎಸಳಿನ ಜಾಗ ಕಾಣುವ ಮೇಲಂಚು. ಕೊಂಡ ಮೇಲೆ, ಕ್ಯಾಸೆಟ್ಟನ್ನು ಡಬ್ಬಿಯಿಂದ ಹೊರತೆಗೆದು ಬೇರೆ ಸುತ್ತಲು ಹೇಳಿ. ಡಬ್ಬಿಯೊಳಗೇ ಇದ್ದರೆ ಪೆಟ್ಟು ಬಿದ್ದಾಗ ಒಳಗಿನ ಗೂಟಗಳು ಮುರಿದು ಚೂರು ರೀಲಿನೊಳಗೆ ಹೋಗುತ್ತದೆ. ಕಾರ್ಡನ್ನು ಗಟ್ಟಿ ರಟ್ಟಿನ ನಡುವೆ ಚಪ್ಪಟೆಯಾಗಿಡಬೇಕು, ಆದರೆ ಹಳೆಯ ಮಡಿಕೆಯಲ್ಲೇ ಮಡಿಚಿ. ಬಿಚ್ಚಿ ಹಿಂದಕ್ಕೆ ಬಗ್ಗಿಸಿದರೆ ಬೆನ್ನಿನ ಮೇಲಿನ ಟೋನರ್ ಅಕ್ಷರ ಅಲ್ಲೇ ಉದುರುತ್ತದೆ.